ಒಂದಿಂಚಿನ ವಾಲ್ವ್‌ನಲ್ಲಿ ಆ ಒಂದಿಂಚು ಎಲ್ಲಿದೆ?

ಸಂಪಾದಕರಿಗೆ ವಂದನೆಗಳು.

ಬೇಸಿಗೆ ಬಂತೆಂದರೆ ನಿಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳಲ್ಲೂ ನೀರು ಉಳಿಸುವ ಸಲಹೆಗಳು ಪ್ರಕಟವಾಗುತ್ತವೆ. ಸೋರುವ ನಲ್ಲಿಗಳನ್ನೂ ವಾಲ್ವ್‌ಗಳನ್ನೂ ತಡಮಾಡದೆ ಬದಲಾಯಿಸಬೇಕು ಎಂಬ ಮಾತು ಅವುಗಳಲ್ಲಿ ತಪ್ಪದೇ ಇರುತ್ತದೆ. ಸಲಹೆಯೇನೋ ಸರಿಯಾದುದೇ. ಆದರೆ ಅದನ್ನು ಪಾಲಿಸಲು ಹೊರಟ ಗೃಹಸ್ಥನು ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತಾಗ ಎದುರಾಗುವ ‘ಎಷ್ಟು ಇಂಚು ಸಾರ್?’ ಎಂಬ ಮೊದಲ ಪ್ರಶ್ನೆಗೇ ಸರಿಯಾದ ಉತ್ತರ ಹೇಳಲಾರದೆ, ಮೂರು ಸಲ ಓಡಾಡಿ, ಎರಡು ತಪ್ಪು ವಾಲ್ವ್ ಕೊಂಡು, ಅಷ್ಟು ದಿನವೂ ನೀರನ್ನು ಸೋರಲು ಬಿಟ್ಟಿರುತ್ತಾನೆ ಎಂಬುದನ್ನು ಯಾರೂ ಬರೆದುದನ್ನು ನಾನು ಕಂಡಿಲ್ಲ. ಈ ಚಳಿಗಾಲದ ಕೊನೆಯಲ್ಲಿ ಅಂಥ ಗೃಹಸ್ಥ ನಾನೇ ಆಗಿದ್ದುದರಿಂದ, ಆ ಅನುಭವವನ್ನೂ ಅದರಿಂದ ಹುಟ್ಟಿದ ಒಂದೆರಡು ಬೇಡಿಕೆಗಳನ್ನೂ ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ತುಸು ದೀರ್ಘವಾಗಿದೆ. ವಿಷಯ ಚಿಕ್ಕದೆಂದು ಎಲ್ಲರೂ ಎಣಿಸಿರುವುದರಿಂದಲೇ ಹಾಗಾಗಿದೆ.

ಮೈಸೂರಿನ ನಮ್ಮ ಮನೆಯ ನೆಲಮಹಡಿಯನ್ನು ನಮ್ಮ ತಂದೆಯವರು 1987ರಲ್ಲಿ ಕಟ್ಟಿಸಿದರು. ಆಗ ಹಾಕಿದ್ದು ಜಿಐ ಪೈಪು, ಅಂದರೆ ಸತುವಿನ ಲೇಪನವಿರುವ ಕಬ್ಬಿಣದ ಪೈಪು. 2009ರಲ್ಲಿ ನಾನು ಮೇಲಿನ ಮಹಡಿ ಸೇರಿಸಿದಾಗ ಕಾಲ ಬದಲಾಗಿತ್ತು. ಅಲ್ಲಿರುವುದು ಬಿಸಿನೀರನ್ನೂ ತಡೆಯುವ ಪ್ಲಾಸ್ಟಿಕ್ಕಿನ, ಕೆನೆಬಣ್ಣದ ಸಿಪಿವಿಸಿ ಪೈಪು. ತಾರಸಿಯ ಟ್ಯಾಂಕಿನಿಂದ ಕೆಳಮನೆಗೆ ಇಳಿಯುವ ಹಳೆಯ ಲೈನಿಗೆ ಹಿತ್ತಾಳೆಯ ಒಂದು ಗೇಟ್ ವಾಲ್ವ್, ಅಂದರೆ ಚಕ್ರ ತಿರುಗಿಸಿದಾಗ ಒಳಗಿನ ಹಲಗೆಯೊಂದು ಇಳಿದು ನೀರನ್ನು ತಡೆಯುವ ವಾಲ್ವ್, ಇತ್ತು. ಅದರ ಕೆಳಗೆ ಸದಾ ಹಸಿರು ಪಾಚಿ ಕಟ್ಟುತ್ತಿತ್ತು. ಒಂದು ದಿನ ಅದರಡಿ ಒಂದು ಲೀಟರಿನ ಚೊಂಬು ಇಟ್ಟು ಗಡಿಯಾರ ನೋಡಿದೆ: ನಲವತ್ತು ನಿಮಿಷಕ್ಕೆ ತುಂಬಿತು. ದಿನಕ್ಕೆ 36 ಲೀಟರ್. ಚಕ್ರವನ್ನು ತಿರುಗಿಸಿ ನಿಲ್ಲಿಸೋಣವೆಂದರೆ ಅದು ಎಷ್ಟು ಸುತ್ತಿದರೂ ಸುಮ್ಮನೆ ಸುತ್ತುತ್ತಿತ್ತು. ಒಳಗಿನ ಗೇಟು ಸ್ಪಿಂಡಲ್‌ನಿಂದ, ಅಂದರೆ ಚಕ್ರದ ಕಡ್ಡಿಯಿಂದ, ಕಳಚಿಕೊಂಡು ಮೇಲೆಯೇ ಕಚ್ಚಿ ನಿಂತಿದೆ ಎಂದು ಆಮೇಲೆ ಬಿಚ್ಚಿದಾಗ ಗೊತ್ತಾಯಿತು. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಗೇಟ್ ವಾಲ್ವ್‌ಗಳಿಗೆ ಇದು ಸಾಮಾನ್ಯವಾಗಿ ಬರುವ ಸಾವು.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಸೋರುವ ವಾಲ್ವ್‌ಗಳನ್ನೆಲ್ಲ ಬದಲಾಯಿಸಬೇಕಾಗಿಲ್ಲ. ಚಕ್ರದ ಕೆಳಗೆ, ಸ್ಪಿಂಡಲ್ ಹೊರಬರುವ ಜಾಗದಲ್ಲಿ ನೀರು ಜಿನುಗುತ್ತಿದ್ದರೆ ಅಲ್ಲಿರುವ ಗ್ಲ್ಯಾಂಡ್ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದರೆ ಎಷ್ಟೋ ಸಲ ನಿಲ್ಲುತ್ತದೆ. ನಿಲ್ಲದಿದ್ದರೆ ಒಳಗೆ ಸೋರಿಕೆ ತಡೆಯಲು ಸುತ್ತಿರುವ ದಾರವನ್ನು ಹೊಸದಾಗಿ ಸುತ್ತಿದರೆ ಸಾಕು. ಹಳೆಯ ಸ್ಟಾಪ್ ಕಾಕ್ ಪೂರ್ತಿ ಮುಚ್ಚುತ್ತಿಲ್ಲವೆಂದರೆ ಒಳಗಿನ ವಾಷರು ಸವೆದಿರಬಹುದು. ಗೇಟು ಕಳಚಿದ, ಮೈ ಬಿರುಕು ಬಿಟ್ಟ, ಥ್ರೆಡ್ ತಿಂದುಹೋದ ವಾಲ್ವ್‌ಗಳನ್ನು ಮಾತ್ರ ಬದಲಾಯಿಸಲೇಬೇಕು. ನನ್ನದು ಆ ಜಾತಿಗೆ ಸೇರಿತ್ತು.

ನಮ್ಮ ಬಡಾವಣೆಯಲ್ಲಿ ಇಂಥ ಸಣ್ಣ ಕೆಲಸಕ್ಕೆ ಪ್ಲಂಬರ್ ಬರುವುದು ಅಪರೂಪ. ಹೊಸ ಕಟ್ಟಡಗಳ ಗುತ್ತಿಗೆಯಲ್ಲಿ ಅವರಿಗೆ ತಿಂಗಳುಗಟ್ಟಲೆ ಕೆಲಸವಿರುವಾಗ ಒಂದು ವಾಲ್ವ್‌ಗಾಗಿ ಅರ್ಧ ದಿನ ಕಳೆಯಿರಿ ಎನ್ನುವುದೂ ನ್ಯಾಯವಲ್ಲ. ನಮಗೆ ಗೊತ್ತಿದ್ದವರು ಫೋನಿನಲ್ಲಿ ‘ವಾಲ್ವ್ ತಂದಿಟ್ಟಿರಿ ಸಾರ್, ಭಾನುವಾರ ಬಂದು ಹತ್ತು ನಿಮಿಷದಲ್ಲಿ ಹಾಕಿಕೊಟ್ಟು ಹೋಗುತ್ತೇನೆ’ ಎಂದರು. ವಾಲ್ವ್ ತರುವ ಜವಾಬ್ದಾರಿ ಹೀಗೆ ನನ್ನ ಮೇಲೆ ಬಿತ್ತು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವನು ನಾನು. ಒಂದು ಕೊಳವೆಯ ವ್ಯಾಸ ಅಳೆಯುವುದು ದೊಡ್ಡ ಸಂಗತಿ ಎನ್ನಿಸಲಿಲ್ಲ. ಸ್ಕೇಲನ್ನು ಪೈಪಿಗೆ ಅಡ್ಡಲಾಗಿ ಹಿಡಿದು ನೋಡಿದೆ. ಸುಮಾರು 34 ಮಿಲಿಮೀಟರ್ ಬಂತು. ಒಂದು ಇಂಚಿಗೆ 25.4 ಮಿಲಿಮೀಟರ್, ಭಾಗಿಸಿದರೆ ಒಂದೂಕಾಲು ಇಂಚು ಮತ್ತು ಮೇಲೆ ಚೂರು. ಅಂಗಡಿಯಲ್ಲಿ ಎದೆಯುಬ್ಬಿಸಿ ‘ಒಂದೂಕಾಲು ಇಂಚಿನ ಬಾಲ್ ವಾಲ್ವ್ ಕೊಡಿ’ ಎಂದೆ. ಬಾಲ್ ವಾಲ್ವ್ ಎಂದರೆ ಒಳಗಿನ ತೂತುಳ್ಳ ಗುಂಡು ತಿರುಗಿ ನೀರನ್ನು ಬಿಡುವ, ತಡೆಯುವ ವಾಲ್ವ್. ಕೊಟ್ಟರು. ಭಾನುವಾರ ಪ್ಲಂಬರ್ ಬಂದು ಹಳೆಯ ವಾಲ್ವ್ ಬಿಚ್ಚಿ, ಹೊಸದನ್ನು ಪೈಪಿಗೆ ಹಿಡಿದರೆ, ಬಳೆಯೊಳಗೆ ಬೆರಳು ಹಾಕಿದಂತೆ ಸಡಿಲವಾಗಿ ಅದು ಓಲಾಡಿತು. ಅವರು ನಕ್ಕು, ‘ಇದು ಒಂದಿಂಚಿನ ಲೈನು ಸಾರ್’ ಎಂದರು. ಬೆರಳಿಟ್ಟು ನೋಡಿಯೇ ಅವರಿಗೆ ಗೊತ್ತಾಗಿತ್ತು. ಹಳೆಯ ವಾಲ್ವ್ ಬಿಚ್ಚಿಯಾಗಿತ್ತು, ಅಂಗಡಿ ಭಾನುವಾರ ಮುಚ್ಚಿತ್ತು. ಆ ದಿನ ಕೆಳಮನೆಗೆ ಬಕೆಟ್ಟಿನಲ್ಲೇ ನೀರು.

ಒಂದಿಂಚಿನ ಲೈನು ಎಂದ ಮೇಲೆ ಆ ಒಂದಿಂಚು ಎಲ್ಲಿ? ಹೊರಗೆ ಅಳೆದರೆ 34 ಮಿಲಿಮೀಟರ್ ಬರುವುದು ಆಗಲೇ ಗೊತ್ತಿತ್ತು. ಒಳಗಿನ ರಂಧ್ರವಾದರೂ 25.4 ಇರಬೇಕಲ್ಲ ಎಂದು ತುಂಡು ಪೈಪೊಂದನ್ನು ತೆಗೆದು ಅಳೆದರೆ ಅದೂ 27ರ ಮೇಲಿತ್ತು. ಕುತೂಹಲ ಕೆರಳಿ, ಜಿಐ ಪೈಪುಗಳಿಗೆ ಅನ್ವಯಿಸುವ ಐಎಸ್ 1239 ಎಂಬ ಭಾರತೀಯ ಮಾನಕವನ್ನು ಹುಡುಕಿ ಓದಿದ ಮೇಲೆ ವಿಷಯ ತಿಳಿಯಾಯಿತು. ‘ಒಂದಿಂಚು’ ಎಂಬುದು ಅಳತೆಯಲ್ಲ, ಹೆಸರು. ಹಿಂದೆ ಕಬ್ಬಿಣದ ಪೈಪುಗಳ ಗೋಡೆ ದಪ್ಪಗಿದ್ದ ಕಾಲದಲ್ಲಿ ಒಳರಂಧ್ರ ಹೆಚ್ಚುಕಡಿಮೆ ಒಂದಿಂಚೇ ಇರುತ್ತಿತ್ತು. ಲೋಹದ ತಯಾರಿಕೆ ಸುಧಾರಿಸಿ ತೆಳುಗೋಡೆ ಸಾಧ್ಯವಾದಾಗ, ಹೊರಗಿನ ಅಳತೆಯನ್ನು ಬದಲಿಸಿದರೆ ಅದುವರೆಗಿನ ಎಲ್ಲ ಎಲ್ಬೋ, ಟೀ, ವಾಲ್ವ್‌ಗಳೂ ನಿರುಪಯೋಗಿಯಾಗುತ್ತಿದ್ದವು. ಆದ್ದರಿಂದ ಹೊರವ್ಯಾಸವನ್ನು ಹಾಗೆಯೇ ಉಳಿಸಿಕೊಂಡು ಒಳಗನ್ನು ಮಾತ್ರ ಅಗಲವಾಗಲು ಬಿಟ್ಟರು. ಹೀಗಾಗಿ ಇಂದು ಹಳದಿ ಪಟ್ಟೆಯ ಎ ಕ್ಲಾಸ್, ನೀಲಿ ಪಟ್ಟೆಯ ಬಿ ಕ್ಲಾಸ್, ಕೆಂಪು ಪಟ್ಟೆಯ ಸಿ ಕ್ಲಾಸ್ ಮೂರೂ ‘ಒಂದಿಂಚು’ಗಳೇ, ಮೂರರ ಹೊರವ್ಯಾಸವೂ ಸುಮಾರು 33.7 ಮಿಲಿಮೀಟರ್, ಗೋಡೆಯ ದಪ್ಪ ಮಾತ್ರ ಕ್ರಮವಾಗಿ 2.6, 3.2 ಮತ್ತು 4 ಮಿಲಿಮೀಟರ್. ತೀರಾ ದಪ್ಪನೆಯ ಸಿ ಕ್ಲಾಸ್ ಪೈಪಿನ ಒಳಗೆ ಮಾತ್ರ ಆ ಹಳೆಯ ಒಂದಿಂಚು ಈಗಲೂ ಹೆಚ್ಚುಕಡಿಮೆ ಬದುಕಿದೆ. ಅರ್ಧ ಇಂಚಿನ ಪೈಪಿನ ಹೊರವ್ಯಾಸ 21.3, ಮುಕ್ಕಾಲು ಇಂಚಿನದು 26.9. ಅಂದರೆ ಮುಕ್ಕಾಲು ಇಂಚಿನ ಪೈಪನ್ನು ಹೊರಗಿನಿಂದ ಅಳೆದವನು ಅದನ್ನು ಒಂದಿಂಚಿನದೆಂದು ತಿಳಿಯುವುದು ಸಹಜ. ನನ್ನಂತೆ ಅಳೆದು ಕೆಟ್ಟವರು ಇನ್ನೆಷ್ಟು ಮಂದಿಯೋ.

ವಾಲ್ವ್‌ನ ಮೈಮೇಲೆ ಎರಕ ಹೊಯ್ದ ಅಂಕಿ ಇರುವುದಿಲ್ಲವೇ ಎಂದು ಕೇಳಬಹುದು. ಇರುತ್ತದೆ. ನನ್ನ ಹಳೆಯ ವಾಲ್ವ್‌ನ ಮೇಲೆ ಸುಣ್ಣ ಕಟ್ಟಿದ ಪದರದಡಿ, ವಿನೆಗರ್ ಹಾಕಿ ಉಜ್ಜಿದ ಮೇಲೆ, ‘25’ ಎಂದು ಕಾಣಿಸಿತು. ಅದನ್ನು ಮೊದಲೇ ಉಜ್ಜಿದ್ದರೆ ಆ ಭಾನುವಾರ ಉಳಿಯುತ್ತಿತ್ತು. ಆದ್ದರಿಂದ ಓದುಗರು ಅಳತೆಪಟ್ಟಿ ಹಿಡಿಯುವ ಮೊದಲು ಹಳೆಯ ವಾಲ್ವ್‌ನ ಮೈಯನ್ನು ಚೆನ್ನಾಗಿ ತೊಳೆದು ನೋಡುವುದು ಒಳ್ಳೆಯದು. ಆದರೆ ಈ 25 ಕೂಡ ಹೆಸರೇ. ಒಂದಿಂಚನ್ನು ಮೆಟ್ರಿಕ್ ಭಾಷೆಗೆ ತರುವಾಗ ಕೊಟ್ಟ ಇನ್ನೊಂದು ಹೆಸರು ಅದು. 15, 20, 25, 32, 40, 50 ಎಂಬ ಅಂಕಿಗಳು ಅರ್ಧ, ಮುಕ್ಕಾಲು, ಒಂದು, ಒಂದೂಕಾಲು, ಒಂದೂವರೆ, ಎರಡು ಇಂಚುಗಳಿಗೆ ಇಟ್ಟ ಅಡ್ಡಹೆಸರುಗಳು ಮಾತ್ರ. ಇವುಗಳ ಮುಂದೆ ‘ಮಿ.ಮೀ.’ ಎಂದು ಬರೆದಿರುತ್ತಾರೆ ಎಂಬುದೇ ಗೊಂದಲದ ಮೂಲ.

ಇಲ್ಲಿಗೆ ಮುಗಿಯಿತು ಎಂದುಕೊಂಡರೆ ತಪ್ಪು. ಕಬ್ಬಿಣದ ಪೈಪೊಂದೇ ಇದ್ದ ಕಾಲದಲ್ಲಿ ಹೆಸರು ಹೆಸರಾಗಿಯೇ ನಡೆಯುತ್ತಿತ್ತು, ಏಕೆಂದರೆ ಊರಿನಲ್ಲೆಲ್ಲ ಒಂದೇ ಒಂದಿಂಚು ಇತ್ತು. ಈಗ ಹಾಗಿಲ್ಲ. ಸಿಪಿವಿಸಿ ಪೈಪುಗಳು ತಾಮ್ರದ ಕೊಳವೆಯ ಅಳತೆಯನ್ನು ಅನುಸರಿಸುತ್ತವೆ. ಅಲ್ಲಿ ಹೆಸರಿಗೆ ಎಂಟನೇ ಒಂದು ಇಂಚು ಸೇರಿಸಿದರೆ ಹೊರವ್ಯಾಸ ಬರುತ್ತದೆ. ಹಾಗಾಗಿ ಅರ್ಧ ಇಂಚಿನ ಸಿಪಿವಿಸಿ 15.9 ಮಿಲಿಮೀಟರ್, ಮುಕ್ಕಾಲು ಇಂಚಿನದು 22.2, ಒಂದಿಂಚಿನದು 28.6. ಮನೆಗಳಿಗೆ ಬಳಸುವ, ಯುಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಬಿಳಿಯ ಪೈಪುಗಳು ಬಹುಮಟ್ಟಿಗೆ ಕಬ್ಬಿಣದ ಪೈಪಿನ ಹೊರವ್ಯಾಸವನ್ನೇ ಇಟ್ಟುಕೊಂಡಿವೆ. ಅಲ್ಲಿ ಒಂದಿಂಚು ಎಂದರೆ 33.4. ತೋಟ, ಹೊಲಗಳಲ್ಲಿ ಹೂಳುವ ಬೂದುಬಣ್ಣದ ಪಿವಿಸಿ ಪೈಪಾದರೋ ಐಎಸ್ 4985ರ ಪ್ರಕಾರ ನಿಜವಾದ ಹೊರವ್ಯಾಸದಿಂದಲೇ ಕರೆಯಿಸಿಕೊಳ್ಳುತ್ತದೆ: 20, 25, 32, 40, 50, 63. ರೈತರು ‘ಒಂದಿಂಚಿನ ಪೈಪು’ ಎನ್ನುವುದು ಅದರಲ್ಲಿ 32 ಮಿಲಿಮೀಟರಿನದನ್ನು. ಅಂದರೆ ಒಂದೇ ಅಂಗಡಿಯ ಒಂದೇ ಗೋಡೆಗೆ ಒರಗಿಸಿಟ್ಟ ನಾಲ್ಕು ‘ಒಂದಿಂಚು’ಗಳ ನಿಜವಾದ ಮೈಯಳತೆ 33.7, 33.4, 32 ಮತ್ತು 28.6. ಅಷ್ಟೇ ಅಲ್ಲ, ಬೂದು ಪಿವಿಸಿಯಲ್ಲಿ ‘25’ ಎಂದರೆ ಮುಕ್ಕಾಲು ಇಂಚು, ಹಿತ್ತಾಳೆ ವಾಲ್ವ್‌ನಲ್ಲಿ ‘25’ ಎಂದರೆ ಒಂದಿಂಚು. ಅಂಗಡಿಯವರಿಗೆ ರೂಢಿಯಾಗಿದೆ, ಕೊಳ್ಳುವವರಿಗೆ ಹೇಗೆ ತಿಳಿಯಬೇಕು?

33.4ಕ್ಕೂ 32ಕ್ಕೂ ನಡುವಿನ ಈ ಸುಮಾರು ಒಂದೂವರೆ ಮಿಲಿಮೀಟರಿನ ವ್ಯತ್ಯಾಸ ದೊಡ್ಡದೇ ಎಂದು ಕೇಳುವವರಿಗೆ ನಂಜನಗೂಡಿನ ಕಡೆ ನನ್ನ ತಮ್ಮನ ತೋಟದಲ್ಲಿ ನಡೆದುದನ್ನು ಹೇಳುತ್ತೇನೆ. ಬೋರ್‌ವೆಲ್ ಲೈನಿನಲ್ಲಿ ಒಡೆದ ಬಾಲ್ ವಾಲ್ವ್ ಬದಲಿಸಲು ಅವನು ಪಟ್ಟಣದ ಅಂಗಡಿಯಿಂದ ‘ಒಂದಿಂಚಿನ’ ಪ್ಲಾಸ್ಟಿಕ್ ವಾಲ್ವ್ ತಂದ. ಅದು ಮನೆಬಳಕೆಯ ಯುಪಿವಿಸಿ ಅಳತೆಯದು. ಪೈಪು 32 ಮಿಲಿಮೀಟರಿನ ಬೂದು ಪಿವಿಸಿ. ಸುಲಭವಾಗಿ ಒಳಗೆ ಹೋಯಿತು. ಹಾಗೆ ಸುಲಭವಾಗಿ ಹೋದದ್ದೇ ತಪ್ಪಿನ ಗುರುತು. ಸರಿಯಾದ ಜೋಡಿಯಾಗಿದ್ದರೆ ಸೊಲ್ಯೂಷನ್ ಹಚ್ಚದೆ ಒತ್ತಿದಾಗ ಪೈಪು ಅದನ್ನು ಕೂರಿಸುವ ಸಾಕೆಟ್ಟಿನ ಮೂರನೇ ಒಂದರಿಂದ ಮೂರನೇ ಎರಡು ಭಾಗದವರೆಗೆ ಹೋಗಿ ಬಿಗಿಯಾಗಿ ನಿಲ್ಲಬೇಕು, ಏಕೆಂದರೆ ಈ ಸೊಲ್ಯೂಷನ್ ಎಂಬುದು ಅಂಟಲ್ಲ. ಎರಡೂ ಮೇಲ್ಮೈಗಳನ್ನು ತುಸು ಕರಗಿಸಿ ಒಂದಾಗಿಸುವ ದ್ರಾವಕ. ನಡುವೆ ಖಾಲಿ ಜಾಗವಿದ್ದರೆ ಅದನ್ನು ತುಂಬಿಕೊಂಡು ನಿಲ್ಲುವ ಶಕ್ತಿ ಅದಕ್ಕಿಲ್ಲ. ತಮ್ಮ ಧಾರಾಳವಾಗಿ ಹಚ್ಚಿದ, ಒಣಗಿತು, ಹನ್ನೊಂದು ದಿನ ನಿಂತಿತು. ಹನ್ನೆರಡನೆಯ ದಿನ ಬೆಳಗ್ಗೆ ಮೋಟಾರ್ ಹಾಕಿದೊಡನೆ ವಾಲ್ವ್ ಪೈಪಿನಿಂದ ಕಿತ್ತು ಬಾಳೆಗುಂಡಿಯ ಆಚೆ ಬಿದ್ದಿತ್ತು. ಕರೆಂಟು ಇದ್ದಷ್ಟು ಹೊತ್ತೂ ನೀರು ರಸ್ತೆಗೆ ಹರಿದಿದೆ.

ಇದಕ್ಕೆ ತದ್ವಿರುದ್ಧವಾದದ್ದು ನಮ್ಮ ಮೇಲಿನ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಆಗಿತ್ತು. ಆಗ ಕಾರಣ ತಿಳಿದಿರಲಿಲ್ಲ. ಸ್ನಾನದ ಮನೆಯ ಲೈನು ಮುಕ್ಕಾಲು ಇಂಚಿನ ಸಿಪಿವಿಸಿ, ಹೊರವ್ಯಾಸ 22.2. ಯಾರೋ ಹಳೆಯ ಪೈಪಿನ ತುಂಡನ್ನು ಕಣ್ಣಳತೆಯಲ್ಲಿ ನೋಡಿ ಅರ್ಧ ಇಂಚಿನ ಯುಪಿವಿಸಿ ವಾಲ್ವ್ ಕೊಟ್ಟಿದ್ದರು, ಅದು 21.3ರ ಪೈಪಿಗೆ ಮಾಡಿದ್ದು. ಒಂದು ಮಿಲಿಮೀಟರಿಗಿಂತ ಕಡಿಮೆ ಅಂತರ. ಕೆಲಸಕ್ಕೆ ಬಂದಿದ್ದ ಹುಡುಗ ಪೈಪಿನ ತುದಿಯನ್ನು ಅರದಿಂದ ಉಜ್ಜಿ ಸಣ್ಣಗೆ ಮಾಡಿ ತುರುಕಿ ಹೋದ. ಸಿಪಿವಿಸಿಗೆ ಬೇರೆ ಸೊಲ್ಯೂಷನ್, ಯುಪಿವಿಸಿಗೆ ಬೇರೆ. ಗೀಸರಿನ ಬಿಸಿನೀರಿನ ಲೈನಿಗೆ ಯುಪಿವಿಸಿ ವಾಲ್ವ್ ಹಾಕಲೇಬಾರದು. ಮೂರು ತಪ್ಪು ಒಂದೇ ಕೀಲಿನಲ್ಲಿ ಕೂಡಿದ್ದವು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಆ ಗೋಡೆಯ ಬಣ್ಣವೆಲ್ಲ ಉಬ್ಬಿ ಉದುರಿತು.

ಹಾಗಾದರೆ ಮನೆಯಲ್ಲಿ ವರ್ನಿಯರ್ ಎಂಬ ಸೂಕ್ಷ್ಮ ಅಳತೆಯ ಸಾಧನ ಇಲ್ಲದ ಸಾಮಾನ್ಯ ಮನುಷ್ಯ ಏನು ಮಾಡಬೇಕು? ಪೈಪಿನ ಅಡ್ಡಲಾಗಿ ಸ್ಕೇಲ್ ಹಿಡಿದು ಅಳೆಯುವುದರಲ್ಲಿ ಒಂದೆರಡು ಮಿಲಿಮೀಟರ್ ತಪ್ಪುವುದು ಸುಲಭ, ಮೇಲೆ ಹೇಳಿದಂತೆ ಒಂದು ಮಿಲಿಮೀಟರಿನಲ್ಲೇ ಇಡೀ ಗುಟ್ಟಿದೆ. ಅಳೆಯಬೇಕಾದುದು ವ್ಯಾಸವನ್ನಲ್ಲ, ಸುತ್ತಳತೆಯನ್ನು. ಒಂದು ಬಿಗಿಯಾದ ದಾರವನ್ನು, ಅಥವಾ ಕಾಗದದ ಕಿರುಪಟ್ಟಿಯನ್ನು, ಪೈಪಿಗೆ ಒಂದು ಸುತ್ತು ಸುತ್ತಿ, ತುದಿ ಸೇರುವಲ್ಲಿ ಪೆನ್ನಿನಿಂದ ಗುರುತು ಮಾಡಿ, ಬಿಡಿಸಿ ಸ್ಕೇಲಿನ ಮೇಲಿಡಿ. ಪೈಯಿಂದ ಗುಣಿಸಿದಂತಾಗುವುದರಿಂದ ವ್ಯತ್ಯಾಸವೂ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಜಿಐ ಪೈಪಿನಲ್ಲಿ ಸುತ್ತಳತೆ ಸುಮಾರು 67 ಮಿಲಿಮೀಟರ್ ಬಂದರೆ ಅರ್ಧ ಇಂಚು, 84ರಿಂದ 85 ಬಂದರೆ ಮುಕ್ಕಾಲು, 106 ಬಂದರೆ ಒಂದಿಂಚು. ಬಿಳಿಯ ಯುಪಿವಿಸಿಯಲ್ಲೂ ಹೆಚ್ಚುಕಡಿಮೆ ಇವೇ: 67, 84, 105. ಸಿಪಿವಿಸಿಯ ಅಂಕಿಗಳನ್ನಂತೂ ಯಾರೋ ನೆನಪಿಗಾಗಿಯೇ ಮಾಡಿಟ್ಟಂತಿವೆ: 50, 70, 90. ಬೂದು ಪಿವಿಸಿಯಲ್ಲಿ 20ರ ಪೈಪಿಗೆ 63, 25ರದಕ್ಕೆ 78 ಅಥವಾ 79, 32ರದಕ್ಕೆ 100 ಅಥವಾ 101. ಬಣ್ಣ ಬಳಿದ ಪೈಪಾಗಿದ್ದರೆ ಅಳೆಯುವ ಜಾಗದಲ್ಲಿ ಬಣ್ಣ ಕೆರೆಯಬೇಕು. ತುಕ್ಕು ಹಿಡಿದಿದ್ದರೆ ಉಜ್ಜಬೇಕು. ವೃತ್ತದ ಪರಿಧಿಯನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದವನಿಗೆ ಅದನ್ನು ತಾರಸಿಯ ಮೇಲೆ ಬಳಸಬೇಕೆಂದು ಹೊಳೆಯಲು ಎರಡು ವಾಲ್ವ್‌ಗಳ ದಂಡ ತೆರಬೇಕಾಯಿತು ಎಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಓದಿ ನಗಲಿ.

ಎರಡನೆಯ ತಪ್ಪು ವಾಲ್ವ್‌ನ ಸಂಗತಿ ಇಷ್ಟು. ಸೋಮವಾರ ಸರಿಯಾಗಿ ಒಂದಿಂಚಿನದನ್ನೇ ತಂದೆ, ಥ್ರೆಡ್ಡೂ ಕೂತಿತು. ಆದರೆ ಹಳೆಯ ಗೇಟ್ ವಾಲ್ವ್‌ಗಿಂತ ಹೊಸ ಬಾಲ್ ವಾಲ್ವ್ ಉದ್ದದಲ್ಲಿ ಗಿಡ್ಡ. ಒಂದು ಬದಿ ಟ್ಯಾಂಕಿಗೂ ಇನ್ನೊಂದು ಬದಿ ಗೋಡೆಗೂ ಕಚ್ಚಿ ನಿಂತ ಕಬ್ಬಿಣದ ಪೈಪುಗಳನ್ನು ಎಳೆದು ಹತ್ತಿರ ತರಲಾಗುವುದಿಲ್ಲ. ಮಧ್ಯೆ ಯೂನಿಯನ್, ಅಂದರೆ ಪೈಪನ್ನು ಕತ್ತರಿಸದೆ ಬಿಚ್ಚಬಹುದಾದ ಜೋಡಣೆ, ಇದ್ದರೆ ಅಲ್ಲಿ ಬಿಚ್ಚಿ, ನಿಪ್ಪಲ್ ಎಂಬ ಗಿಡ್ಡ ತುಂಡು ಪೈಪನ್ನು ಬದಲಿಸಿ ಸರಿದೂಗಿಸಬಹುದು. 1987ರಲ್ಲಿ ಹಾಕಿದವರು ಯೂನಿಯನ್ ಹಾಕಿರಲಿಲ್ಲ, ಪೈಪನ್ನು ಕತ್ತರಿಸಿಯೇ ವಾಲ್ವ್ ತೆಗೆಯಬೇಕಾಗಿತ್ತು. ವಾಲ್ವ್‌ನ ಒಂದು ಮುಖದಿಂದ ಇನ್ನೊಂದು ಮುಖಕ್ಕಿರುವ ಉದ್ದವನ್ನು ಯಾವ ಪೆಟ್ಟಿಗೆಯ ಮೇಲೂ ನಾನು ಕಾಣಲಿಲ್ಲ. ಅಷ್ಟಲ್ಲದೆ ಆ ಅಗ್ಗದ ವಾಲ್ವ್‌ನ ಒಳಗಿನ ಉರುಟು ಬಾಲಿನ ರಂಧ್ರವನ್ನು ನೋಡಿದರೆ ಮುಕ್ಕಾಲು ಇಂಚೂ ಇರಲಿಲ್ಲ. ಮೈಯೊಂದು ಅಳತೆ, ದಾರಿಯೊಂದು ಅಳತೆ. ಪಂಪಿನ ಒತ್ತಡವಿರುವಲ್ಲಿ ಇದು ನಡೆದೀತು. ನಲ್ಲಿಗಿಂತ ಮೂರು ಮೀಟರ್ ಎತ್ತರದಲ್ಲಿರುವ ಟ್ಯಾಂಕು ಕೊಡುವ ಒತ್ತಡ ವಾತಾವರಣದ ಒತ್ತಡದ ಮೂರನೇ ಒಂದರಷ್ಟೂ ಇರುವುದಿಲ್ಲವಾದ್ದರಿಂದ, ಅಲ್ಲಿ ರಂಧ್ರ ಕಿರಿದಾದರೆ ಕೆಳಮನೆಯ ಷವರಿನಲ್ಲಿ ನೀರು ಸಣ್ಣ ದಾರವಾಗಿಬಿಡುತ್ತದೆ. ‘ಫುಲ್ ಬೋರ್’, ಅಂದರೆ ಪೈಪಿನ ಒಳದಾರಿಯಷ್ಟೇ ಅಗಲದ ರಂಧ್ರವುಳ್ಳದ್ದು, ಎಂದು ಕೇಳಿ, ತೆರೆದ ವಾಲ್ವ್‌ನಲ್ಲಿ ಬೆಳಕಿಗೆ ಹಿಡಿದು ನೋಡಿಯೇ ಕೊಳ್ಳಬೇಕು.

ಗೋಡೆಯೊಳಗೆ ಹುದುಗಿಸಿದ ಕನ್ಸೀಲ್ಡ್ ಸ್ಟಾಪ್ ಕಾಕ್‌ಗಳ ವಿಚಾರ ಬೇರೆಯೇ. ಅವುಗಳ ಮೈ ಗೋಡೆಯಲ್ಲೇ ಉಳಿಯುತ್ತದೆ, ಒಳಗಿನ ಸ್ಪಿಂಡಲ್ ಮಾತ್ರ ಬದಲಾಗಬೇಕು. ಆದರೆ ಒಬ್ಬ ತಯಾರಕರ ಸ್ಪಿಂಡಲ್ ಇನ್ನೊಬ್ಬರದಕ್ಕೆ ಕೂರದು, ಕೆಲವೊಮ್ಮೆ ಅದೇ ತಯಾರಕರ ಹಳೆಯ ಮಾದರಿಗೂ ಕೂರದು. ಅಲ್ಲಿ ಯಾವ ದಾರವೂ ನೆರವಾಗದು. ಹಳೆಯದನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಹೋಗುವುದೊಂದೇ ಮಾರ್ಗ. ವಿದೇಶದಿಂದ ಮಕ್ಕಳು ತಂದುಕೊಡುವ ನಲ್ಲಿ, ವಾಲ್ವ್‌ಗಳ ಬಗ್ಗೆಯೂ ಎಚ್ಚರಿಕೆ ಬೇಕು. ನಮ್ಮಲ್ಲಿ ಬ್ರಿಟಿಷ್ ಮಾದರಿಯ ಥ್ರೆಡ್, ಅದರ ಹಲ್ಲಿನ ಕೋನ 55 ಡಿಗ್ರಿ. ಅಮೆರಿಕದಲ್ಲಿ 60 ಡಿಗ್ರಿ. ಅರ್ಧ ಇಂಚಿನದರಲ್ಲಿ ಎರಡಕ್ಕೂ ಇಂಚಿಗೆ ಹದಿನಾಲ್ಕೇ ಹಲ್ಲುಗಳಾದ್ದರಿಂದ ಮೊದಲ ಕೆಲವು ಸುತ್ತು ಮೋಸದಿಂದ ಚೆನ್ನಾಗಿಯೇ ಹೋಗುತ್ತದೆ. ಆಮೇಲೆ ಎಷ್ಟು ಟೆಫ್ಲಾನ್ ಟೇಪು ಸುತ್ತಿದರೂ ಜಿನುಗು ನಿಲ್ಲುವುದಿಲ್ಲ.

ಈಗ ನನ್ನ ಬೇಡಿಕೆಗಳಿಗೆ ಬರುತ್ತೇನೆ. ದೇಶದಲ್ಲಿ ಮೆಟ್ರಿಕ್ ಅಳತೆಗೆ ಕಾಯ್ದೆಯಾದದ್ದು 1956ರಲ್ಲಿ. ಸೇರು ಹೋಗಿ ಕಿಲೋ ಬಂತು, ಗಜ ಹೋಗಿ ಮೀಟರ್ ಬಂತು. ಪೈಪಿನಂಗಡಿಯಲ್ಲಿ ಮಾತ್ರ ಇಂಚು ಉಳಿದಿದೆ. ನಾನು ಇಂಚಿನ ವೈರಿಯಲ್ಲ; ವ್ಯಾಪಾರದ ಮಾತಿನಲ್ಲಿ ಅದು ಇರಲಿ. ಆದರೆ 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು, ಸರಕಿನ ಗಾತ್ರ ಮುಖ್ಯವಾಗಿರುವಲ್ಲಿ ಅದರ ಅಳತೆಗಳನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದು ಹೇಳುತ್ತವೆ. ವಾಲ್ವ್‌ಗಿಂತ ಹೆಚ್ಚಾಗಿ ಗಾತ್ರ ಮುಖ್ಯವಾಗುವ ಸರಕು ಯಾವುದಿದೆ? ಪೆಟ್ಟಿಗೆಯ ಮೇಲೆ ‘25 ಮಿ.ಮೀ.’ ಎಂದು ಅಚ್ಚಾಗಿರುವಾಗ, ಅದರೊಳಗಿನ ವಸ್ತುವಿನ ಯಾವ ಭಾಗವನ್ನು ಅಳೆದರೂ 25 ಮಿಲಿಮೀಟರ್ ಸಿಗದಿದ್ದರೆ, ಅದನ್ನು ಅಳತೆಯ ನಮೂದು ಎನ್ನಬಹುದೇ ಎಂಬುದನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯವರು ದಯವಿಟ್ಟು ಪರಿಶೀಲಿಸಬೇಕು. ಹೆಸರಿನ ಜೊತೆಗೆ ‘ಇಷ್ಟು ಮಿಲಿಮೀಟರ್ ಹೊರವ್ಯಾಸದ ಇಂಥ ಪೈಪಿಗೆ’ ಎಂಬ ಒಂದು ಸಾಲು, ಒಳರಂಧ್ರದ ವ್ಯಾಸ ಮತ್ತು ವಾಲ್ವ್‌ನ ಉದ್ದ, ಇಷ್ಟನ್ನು ಕನ್ನಡದಲ್ಲೂ ಅಚ್ಚು ಹಾಕಿಸಲು ತಯಾರಕರಿಗೆ ಹೆಚ್ಚಿನ ಖರ್ಚೇನೂ ತಗಲದು. ಇದೇ ಅಳತೆಗಳು ಅವರ ಕಾರ್ಖಾನೆಯ ನಕ್ಷೆಯಲ್ಲಿ ಹೇಗೂ ಇರುತ್ತವೆ.

ಹಾರ್ಡ್‌ವೇರ್ ಅಂಗಡಿಯವರಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು. ಚಪ್ಪಲಿ ಅಂಗಡಿಯಲ್ಲಿ ಪಾದದ ಅಳತೆಯ ಹಲಗೆ ಇರುವಂತೆ, ಜಿಐ, ಸಿಪಿವಿಸಿ, ಯುಪಿವಿಸಿ, ಬೂದು ಪಿವಿಸಿ ನಾಲ್ಕರಲ್ಲೂ ಅರ್ಧ, ಮುಕ್ಕಾಲು, ಒಂದಿಂಚಿನ ಗೇಣುದ್ದದ ಪೈಪು ತುಂಡುಗಳನ್ನು ಒಂದು ಹಲಗೆಗೆ ಸಾಲಾಗಿ ಜೋಡಿಸಿ, ಪ್ರತಿಯೊಂದರ ಕೆಳಗೆ ಹೆಸರನ್ನೂ ಹೊರವ್ಯಾಸವನ್ನೂ ಸುತ್ತಳತೆಯನ್ನೂ ಬರೆದು ಗಲ್ಲಾದ ಪಕ್ಕ ನೇತುಹಾಕಲಿ. ದಾರದ ಗುರುತು ಹಿಡಿದು ಬಂದವನು ಅಲ್ಲೇ ಸುತ್ತಿ ನೋಡಿಕೊಳ್ಳುತ್ತಾನೆ. ನಾನು ಕೊನೆಗೆ ಸರಿಯಾದ ವಾಲ್ವ್ ಕೊಂಡ ಅಂಗಡಿಯ ಹಿರಿಯರಿಗೆ ಈ ಮಾತು ಹೇಳಿದೆ. ‘ನಮ್ಮ ಹುಡುಗನಿಗೆ ಕಣ್ಣಲ್ಲೇ ಗೊತ್ತಾಗುತ್ತೆ ಬಿಡಿ ಮೇಷ್ಟ್ರೇ’ ಎಂದರು. ಹುಡುಗನಿಗೆ ಗೊತ್ತಾಗುತ್ತದೆ, ನಿಜ. ಅವನಿಗೆ ಪೈಪು ಕಾಣಬೇಕಲ್ಲ. ಪೈಪು ನಮ್ಮ ತಾರಸಿಯ ಮೇಲಿದೆ.

ಮನೆ ಕಟ್ಟಿಸುವವರಿಗೂ ಅಪಾರ್ಟ್‌ಮೆಂಟ್ ಮಾರುವವರಿಗೂ ಒಂದು ಮಾತು. ವಿದ್ಯುತ್ತಿನ ನಕ್ಷೆಯನ್ನಾದರೂ ಕೆಲವರು ಕೊಡುತ್ತಾರೆ. ನೀರಿನ ನಕ್ಷೆ ಕೊಟ್ಟವರನ್ನು ನಾನು ಕಂಡಿಲ್ಲ. ಯಾವ ವಾಲ್ವ್ ಎಲ್ಲಿದೆ, ಅದು ಯಾವ ಲೈನನ್ನು ಮುಚ್ಚುತ್ತದೆ, ಪೈಪು ಯಾವ ಜಾತಿಯದು, ಯಾವ ಅಳತೆಯದು ಎಂಬ ಒಂದು ಪುಟದ ಪಟ್ಟಿಯನ್ನು ಬೀಗದ ಕೈಯ ಜೊತೆಗೇ ಕೊಡಬೇಕು. ಪ್ರತಿ ಮುಖ್ಯ ವಾಲ್ವ್‌ನ ಪಕ್ಕ ಒಂದು ಯೂನಿಯನ್ ಇರಲೇಬೇಕು. ಒಂದು ಯೂನಿಯನ್ ಉಳಿಸಲು ಹೋದವರು ಮುಂದೆ ಬದಲಾಯಿಸುವವನಿಂದ ಒಂದು ಪೈಪನ್ನೇ ಕತ್ತರಿಸುವಂತೆ ಮಾಡುತ್ತಾರೆ.

ನಮ್ಮ ತಾರಸಿಯಲ್ಲಿ ಈಗ ಒಂದಿಂಚಿನ ಹಿತ್ತಾಳೆಯ ಫುಲ್ ಬೋರ್ ಬಾಲ್ ವಾಲ್ವ್ ಇದೆ, ಪಕ್ಕದಲ್ಲಿ ಯೂನಿಯನ್ ಇದೆ, ಪೈಪಿನ ಮೇಲೆ ಕೆಂಪು ಬಣ್ಣದಲ್ಲಿ ‘ಜಿಐ 1 ಇಂಚು, ಸುತ್ತಳತೆ 106’ ಎಂದು ಬರೆಸಿದ್ದೇನೆ. ಟೇಪು ಸುತ್ತಿ ನೋಡಿದ್ದರಿಂದ ವಾಪಸು ತೆಗೆದುಕೊಳ್ಳಲಾಗದೆಂದು ಅಂಗಡಿಯವರು ಹೇಳಿದ ಒಂದೂಕಾಲು ಇಂಚಿನ ವಾಲ್ವೂ, ಆ ಕಿರುರಂಧ್ರದ ಒಂದಿಂಚಿನದೂ ಇನ್ನೂ ನಮ್ಮ ಮನೆಯಲ್ಲೇ ಇವೆ. ಸುತ್ತಳತೆ 132ರಿಂದ 134 ಮಿಲಿಮೀಟರ್ ಬರುವ ಜಿಐ ಲೈನ್ ಇರುವ ಓದುಗರು ಯಾರಾದರೂ ಇದ್ದರೆ ಮೊದಲನೆಯದನ್ನು ಸಂತೋಷದಿಂದ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ
ಮೈಸೂರು